ಕಾಲೇಜ್ ಫುಟ್‌ಬಾಲ್ 25: ಮಂಡ್ಯದ ಲೆಫ್ಟ್ ಕಾರ್ನರ್ ಲೈನ್‌ಬ್ಯಾಕರ್ ಆದ ಕಥೆ

ಇದು ಅಮೆರಿಕದ ಕಾಲೇಜು ಫುಟ್‌ಬಾಲಿನ ವಿಡಿಯೋ ಗೇಮಿನ ವಿಮರ್ಶೆ. ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ ಅದು. ಇಎ ಸ್ಪೋರ್ಟ್ಸ್ ಕಂಪನಿ 2024ರ ಜುಲೈನಲ್ಲಿ ಬಿಟ್ಟ ‘ಕಾಲೇಜ್ ಫುಟ್‌ಬಾಲ್ 25’. ಅದರೊಳಗೆ ‘ರೋಡ್ ಟು ಗ್ಲೋರಿ’ ಅಂತ ಒಂದು ಭಾಗ ಇದೆ. ಒಬ್ಬ ಹುಡುಗನನ್ನು ನಾವೇ ಮಾಡಿ, ಕಾಲೇಜಿಗೆ ಸೇರಿಸಿ, ವರ್ಷ ವರ್ಷ ಬೆಳೆಸಬೇಕು. ಐದು ಜಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು), ಹಾಫ್‌ಬ್ಯಾಕ್ (ಚೆಂಡು ಹಿಡಿದು ಓಡುವವನು), ವೈಡ್ ರಿಸೀವರ್ (ಎಸೆದ ಚೆಂಡು ಹಿಡಿಯುವವನು), ಕಾರ್ನರ್‌ಬ್ಯಾಕ್ (ಆ ಪಾಸ್ ತಡೆಯುವವನು), ಲೈನ್‌ಬ್ಯಾಕರ್. ನಾನು ಆಡಿದ್ದು ಲೈನ್‌ಬ್ಯಾಕರ್. ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ಕ್ವಾರ್ಟರ್‌ಬ್ಯಾಕ್ ಆಡಿದವರು ಬರೆದದ್ದು ಬೇಕಾದಷ್ಟಿದೆ. ಎಲ್ಲರಿಗೂ ಚೆಂಡು ಎಸೆಯುವ ಆಸೆ. ಎದುರಾಳಿಯನ್ನು ಹಿಡಿದು ಕೆಡವೋರ ಕಷ್ಟ ಯಾರಿಗೆ ಬೇಕು?

ನಾನು ಹಿಡಿಯುವ ಜಾತಿಯವನು. ಮಂಡ್ಯ ನಮ್ಮೂರು, ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಓದುವಾಗ ಕಾಲೇಜ್ ಕಬಡ್ಡಿ ಟೀಮಿನಲ್ಲಿ ಲೆಫ್ಟ್ ಕಾರ್ನರ್ ಆಗಿದ್ದೆ. ಮೈಸೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಲ್ಲಿ ಮಹಾರಾಜ ಕಾಲೇಜು ಮೈದಾನದ ಮಣ್ಣು ತಿಂದವರಲ್ಲಿ ನಾನೂ ಒಬ್ಬ. ಆಗಿನ್ನೂ ಮ್ಯಾಟ್ ಎಲ್ಲ ಕಡೆ ಬಂದಿರಲಿಲ್ಲ.

ಡಿಸ್ಕ್ ತಂದುಕೊಟ್ಟವನು ಚಿಕ್ಕಪ್ಪನ ಮಗ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಎಂಎಸ್ ಮಾಡಿ ಅಲ್ಲೇ ಡಲ್ಲಾಸಿನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಈ ಆಟದ ಹುಚ್ಚು. ಡಿಸ್ಕ್ ಆಡಿಸುವ ಪಿಎಸ್5 ಯಂತ್ರ ಇರುವುದು ಮೈಸೂರಿನ ಕುವೆಂಪುನಗರದಲ್ಲಿ, ನಮ್ಮಕ್ಕನ ಮಗನ ರೂಮಿನಲ್ಲಿ. ಅವನು ಇಂಜಿನಿಯರಿಂಗ್ ಓದ್ತಿದ್ದಾನೆ. ಓದ್ತಿದ್ದಾನೆ ಅಂತ ಅಕ್ಕ ಹೇಳುತ್ತಾಳೆ. ಭಾನುವಾರ ಮಂಡ್ಯದಿಂದ ರೈಲು ಹತ್ತಿ ಹೋದರೆ ಸಂಜೆವರೆಗೂ ಅದೇ ಕೆಲಸ. ‘ಮಾವ, ನೀವು ಎದ್ದೇಳಿ, ಈಗ ನನ್ನ ಸರದಿ’ ಅಂತ ಅವನು ಹೇಳುವವರೆಗೂ ಏಳುತ್ತಿರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಇರುವ ಟೀಮಿಗೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಅಂತ ಹೆಸರು. ಅವರನ್ನು ತಡೆಯುವ ಟೀಮಿನ ದಪ್ಪ ಆಳುಗಳು ಮುಂದಿನ ಸಾಲಿನಲ್ಲಿ ಕೈ ನೆಲಕ್ಕೆ ಊರಿ ಕೂರುತ್ತಾರೆ. ಅವರ ಹಿಂದೆ ನಾಲ್ಕೈದು ಗಜ ದೂರದಲ್ಲಿ ನಿಂತಿರುವವನೇ ಲೈನ್‌ಬ್ಯಾಕರ್. ನಡುವೆ ನಿಲ್ಲುವವನಿಗೆ ‘ಮೈಕ್’ ಅನ್ನುತ್ತಾರೆ. ಓಡಿ ಬಂದವನನ್ನು ಹಿಡಿಯಬೇಕು, ಪಾಸ್ ಆದರೆ ಹಿಂದಕ್ಕೆ ಸರಿದು ಜಾಗ ಕಾಯಬೇಕು, ಕೆಲವು ಸಲ ಸೀದಾ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಬೇಕು. ಮೂರೂ ಅವನ ಕೆಲಸವೇ. ಯಾವುದು ಅಂತ ಗೊತ್ತಾಗುವುದು ಚೆಂಡು ಕದಲಿದ ಮೇಲೆ. ಗೊತ್ತುಮಾಡಿಕೊಳ್ಳಲು ಸಿಗುವುದು ಒಂದು ಸೆಕೆಂಡ್, ಅಷ್ಟೂ ಇಲ್ಲ.

ಈ ಒಂದು ಸೆಕೆಂಡನ್ನು ಗೇಮ್ ಎಷ್ಟು ಚೆನ್ನಾಗಿ ಮಾಡಿದೆ ಅಂದರೆ, ನನಗೆ ಕಾರ್ನರಿನಲ್ಲಿ ನಿಂತ ದಿನಗಳು ನೆನಪಾದವು. ನಮ್ಮ ಕೋಚ್ ಹೇಳುತ್ತಿದ್ದರು: ‘ರೈಡರ್ ಕಣ್ಣು ನೋಡಬೇಡ್ರೋ, ಸೊಂಟ ನೋಡ್ರಿ. ಕಣ್ಣು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ.’ ಲೈನ್‌ಬ್ಯಾಕರಿಗೂ ಹೀಗೇ ಪಾಠ. ಚೆಂಡು ನೋಡಬೇಡ, ಎದುರಿನ ಗಾರ್ಡನ್ನು ನೋಡು. ಗಾರ್ಡ್ ಅಂದರೆ ನಡುವಿನ ಸೆಂಟರಿನ ಎಡಬಲಕ್ಕೆ ಇರುವವನು. ಅವನ ಹೆಲ್ಮೆಟ್ ತಗ್ಗಿ ಮುಂದಕ್ಕೆ ಬಂತಾ, ಓಟ. ಹೆಲ್ಮೆಟ್ ಮೇಲೆದ್ದು ಹಿಂದಕ್ಕೆ ಸರಿಯಿತಾ, ಪಾಸ್. ಅವನು ತನ್ನ ಜಾಗ ಬಿಟ್ಟು ಅಡ್ಡಡ್ಡ ಓಡಿದನಾ, ಚೆಂಡು ಅವನು ಓಡಿದ ಕಡೆಗೇ ಬರುತ್ತದೆ. ಅವನ ಹಿಂದೆಯೇ ಹೋಗು.

ಇದನ್ನು ಅಮೆರಿಕದ ಕೋಚ್‌ಗಳು ಹುಡುಗರಿಗೆ ಹೈಸ್ಕೂಲಿನಿಂದ ತಿದ್ದುತ್ತಾರೆ. ಗೇಮಿನಲ್ಲಿ ಇದು ಕೆಲಸ ಮಾಡುತ್ತದಾ ಅನ್ನೋದೇ ನನ್ನ ಮೊದಲ ಪರೀಕ್ಷೆ. ಮಾಡುತ್ತದೆ! ಕ್ಯಾಮೆರಾ ನಮ್ಮ ಆಟಗಾರನ ಬೆನ್ನ ಹಿಂದೆ ಇರುವುದರಿಂದ ಎದುರು ಸಾಲು ನಮ್ಮ ಕಡೆ ಮುಖ ಮಾಡಿ ಕಾಣುತ್ತದೆ. ಗಾರ್ಡ್ ಎದ್ದು ಅಡ್ಡ ಓಡುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ನಮ್ಮ ಹುಡುಗ, ಅಂದರೆ ಅಕ್ಕನ ಮಗ, ಮೊದಲಿಗೆ ಚೆಂಡನ್ನೇ ನೋಡಿಕೊಂಡು ಆಡುತ್ತಿದ್ದ. ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟ ಹಾಗೆ ಮಾಡಿ ಕೊಡದೇ ಇದ್ದರೆ ಇವನು ಖಾಲಿ ಕೈಯವನ ಹಿಂದೆ ಓಡುತ್ತಿದ್ದ. ‘ಲೋ, ಆ ದಪ್ಪಗಿರೋನ ತಲೆ ನೋಡೋ’ ಅಂತ ಹೇಳಿಕೊಟ್ಟೆ. ಒಂದು ಪಂದ್ಯದೊಳಗೆ ಬದಲಾದ. ಇಂಜಿನಿಯರಿಂಗ್ ಪಾಠವೂ ಇಷ್ಟು ಬೇಗ ತಲೆಗೆ ಹೋದರೆ ಅಕ್ಕ ದೇವರಿಗೆ ಹರಕೆ ತೀರಿಸುತ್ತಾಳೆ.

ಒಂದು ಉದಾಹರಣೆ ಕೊಡಬೇಕು. ಮೂರನೇ ಡೌನ್, ಅವರಿಗೆ ಬೇಕಿರುವುದು ಎರಡೇ ಗಜ. ಎಲ್ಲರೂ ಓಟ ಅಂತಲೇ ಅಂದುಕೊಳ್ಳುತ್ತಾರೆ. ಚೆಂಡು ಕದಲಿತು. ಎಡಗಡೆ ಗಾರ್ಡ್ ತಲೆ ತಗ್ಗಿಸಿ ಬಂದ. ಓಟವೇ ಸರಿ ಅಂತ ಮುಂದಕ್ಕೆ ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಾಫ್‌ಬ್ಯಾಕಿನ ಹೊಟ್ಟೆಯಿಂದ ಎಳೆದುಕೊಂಡು ನನ್ನ ತಲೆ ಮೇಲಿಂದ, ನಾನು ಬಿಟ್ಟು ಬಂದ ಜಾಗಕ್ಕೇ ಎಸೆದ. ಇದಕ್ಕೆ ಆರ್‌ಪಿಓ ಅನ್ನುತ್ತಾರೆ. ಓಡುವುದಾ, ಎಸೆಯುವುದಾ ಅಂತ ಚೆಂಡು ಕೈಗೆ ಬಂದ ಮೇಲೆ ಲೈನ್‌ಬ್ಯಾಕರನ್ನು ನೋಡಿಕೊಂಡು ತೀರ್ಮಾನ ಮಾಡುವುದು. ನಾವು ಮುಂದೆ ಬಂದರೆ ಎಸೆಯುತ್ತಾನೆ, ನಿಂತರೆ ಕೊಟ್ಟು ಓಡಿಸುತ್ತಾನೆ. ಕಾಲೇಜು ಆಟದಲ್ಲಿ ಇದರ ಕಾಟ ಜಾಸ್ತಿ. ಕಾರಣ ನಿಯಮದಲ್ಲೇ ಇದೆ. ಪಾಸ್ ಆಡುವಾಗ ಮುಂದಿನ ಸಾಲಿನ ಆಳುಗಳು ಕಾಲೇಜಿನಲ್ಲಿ ಮೂರು ಗಜ ಮುಂದೆ ಬರಬಹುದು, ಎನ್‌ಎಫ್‌ಎಲ್‌ನಲ್ಲಿ, ಅಂದರೆ ಅಲ್ಲಿನ ವೃತ್ತಿಪರ ಲೀಗಿನಲ್ಲಿ, ಒಂದೇ ಗಜ. ಹಾಗಾಗಿ ಕಾಲೇಜಿನ ಗಾರ್ಡ್ ಪಾಸಿನಲ್ಲೂ ಓಟದ ವೇಷ ಹಾಕಬಹುದು. ನೋಡಿಕೊಂಡಿರು ಅಂತ ಹೇಳಿಕೊಟ್ಟ ಹೆಲ್ಮೆಟ್ಟೇ ಇಲ್ಲಿ ಮೋಸ ಮಾಡುತ್ತದೆ.

ಕಬಡ್ಡಿ ಆಡಿದವರಿಗೆ ಇದು ಹೊಸದಲ್ಲ. ಕಾರ್ನರ್ ಮುಂದೆ ಬಂದರೆ ರೈಡರ್ ಬೋನಸ್ ಬಿಟ್ಟು ಕಾಲಿಗೆ ತಾಗಿಸಿ ಹೋಗುತ್ತಾನೆ, ಹಿಂದೆ ನಿಂತರೆ ಬೋನಸ್ ಗೆರೆ ದಾಟುತ್ತಾನೆ. ನಮ್ಮ ಹೆಜ್ಜೆಯೇ ಅವನಿಗೆ ಉತ್ತರ. ಹಿಡಿಯುವವನು ಎಷ್ಟು ಹೊತ್ತು ಸುಮ್ಮನಿರಬಲ್ಲ ಅನ್ನೋದರಲ್ಲೇ ಆಟ ಇದೆ. ಗೇಮ್ ಮಾಡಿದವರಿಗೆ ಇದು ಗೊತ್ತಿದೆ. ಆ ಮಟ್ಟಿಗೆ ಅವರಿಗೆ ನಮಸ್ಕಾರ.

ಇನ್ನೊಂದು ಸೂಕ್ಷ್ಮ. ಕಾಲೇಜು ಮೈದಾನದ ಮಧ್ಯದಲ್ಲಿರುವ ಎರಡು ಸಾಲು ಗುರುತುಗಳ ನಡುವೆ 40 ಅಡಿ ಅಂತರ. ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಚೆಂಡು ಒಂದು ಗುರುತಿನ ಮೇಲೆ ಕೂತಿತು ಅಂದರೆ ಇನ್ನೊಂದು ಬದಿಯಲ್ಲಿ ಬಯಲೋ ಬಯಲು. ಅಲ್ಲಿಗೆ ಓಡಬೇಕಾದವನು ಲೈನ್‌ಬ್ಯಾಕರ್ರೇ. ನಿಧಾನ ಇರುವ ಆಟಗಾರನನ್ನು ಮಾಡಿಕೊಂಡರೆ ಇಲ್ಲಿ ಸತ್ತ ಹಾಗೆ. ಹುಡುಗನನ್ನು ಮಾಡುವಾಗ ಮೈಕಟ್ಟಿಗಿಂತ ಓಟಕ್ಕೆ ಬೆಲೆ ಕೊಡಿ.

ಹಿಡಿತದ ವಿಷಯ. ಬಲಗಡೆ ಕಡ್ಡಿಯನ್ನು ಮೇಲಕ್ಕೆ ಒತ್ತಿದರೆ ಜೋರಾಗಿ ಡಿಕ್ಕಿ ಹೊಡೆಯುತ್ತಾನೆ. ಅದಕ್ಕೆ ಹಿಟ್ ಸ್ಟಿಕ್ ಅಂತ ಹೆಸರು. ಕೆಳಕ್ಕೆ ಒತ್ತಿದರೆ ಕಾಲಿಗೆ ಬೀಳುತ್ತಾನೆ. ನಮ್ಮ ಹುಡುಗನಿಗೆ ಡಿಕ್ಕಿಯದೇ ಹುಚ್ಚು. ಸದ್ದು ಚೆನ್ನಾಗಿರುತ್ತೆ ನಿಜ, ಆದರೆ ತಪ್ಪಿದರೆ ಎದುರಾಳಿ ಸೀದಾ ಗೋಲ್ ಗೆರೆಗೆ. ನಾನು ಆಂಕಲ್ ಹೋಲ್ಡ್ ಹಾಕಿ ಬೆಳೆದವನು. ಕೆಳಕ್ಕೇ ಒತ್ತಿದೆ. ದಪ್ಪ ಹಾಫ್‌ಬ್ಯಾಕ್‌ಗಳು ದಬದಬ ಬಿದ್ದರು. ತೆಳ್ಳಗಿನ ಚುರುಕಿನವರು ಮಾತ್ರ ಹಾರಿ ತಪ್ಪಿಸಿಕೊಂಡರು. ಅವರಿಗೆ ಏನೂ ಒತ್ತದೆ ಎದುರಿಗೆ ಹೋಗಿ ಅಪ್ಪಿಕೊಳ್ಳುವುದೇ ಒಳ್ಳೆಯದು.

ಇಲ್ಲಿಂದ ದೂರು ಶುರು.

ಹುಡುಗನನ್ನು ಆರಂಭಿಸುವಾಗ ಎಷ್ಟು ಸ್ಟಾರ್ ಅಂತ ನಾವೇ ಆರಿಸಬೇಕು. ಐದು ಸ್ಟಾರ್ ಆದರೆ ದೊಡ್ಡ ದೊಡ್ಡ ಕಾಲೇಜುಗಳು ಕರೆಯುತ್ತವೆ. ಎರಡು ಸ್ಟಾರ್ ಆದರೆ ‘ಅಂಡರ್‌ಡಾಗ್’, ಸಣ್ಣ ಕಾಲೇಜುಗಳೇ ಗತಿ. ನಾನು ಎರಡು ಸ್ಟಾರ್ ತೆಗೆದುಕೊಂಡೆ. ಜೆರ್ಸಿ ಮೇಲೆ ‘ಮಂಡ್ಯ’ ಅಂತ ಬರೆಸಿದೆ. ಕಾಮೆಂಟರಿಯವರಿಗೆ ಆ ಹೆಸರು ಗೊತ್ತಿಲ್ಲ, ಪಾಪ, ನಂಬರ್ ಹೇಳಿ ಕರೆಯುತ್ತಾರೆ. ಕಾಲೇಜಿಗೆ ವಯೋಮಿಂಗ್ ಆರಿಸಿದೆ. ಲಾರಮಿ ಅನ್ನೋ ಊರು, ಕಂದು ಮತ್ತು ಹಳದಿ ಬಣ್ಣದ ಬಟ್ಟೆ. ಅವರ ಸ್ಟೇಡಿಯಂ ಸಮುದ್ರ ಮಟ್ಟದಿಂದ 7,220 ಅಡಿ ಎತ್ತರದಲ್ಲಿದೆ. ನಮ್ಮ ಚಾಮುಂಡಿ ಬೆಟ್ಟದ ತುದಿಯ ಎರಡು ಪಟ್ಟಿಗೂ ಜಾಸ್ತಿ. ಅಲ್ಲಿ ಓಡಿ ಅಭ್ಯಾಸ ಇಲ್ಲದ ಟೀಮುಗಳಿಗೆ ಉಸಿರು ಸಾಲುವುದಿಲ್ಲ.

ವಯೋಮಿಂಗ್ ಯಾಕೆ ಅಂದರೆ, ಲೈನ್‌ಬ್ಯಾಕರ್‌ಗಳನ್ನು ಬೆಳೆಸುವುದರಲ್ಲಿ ಆ ಕಾಲೇಜಿಗೆ ಒಳ್ಳೆ ಹೆಸರಿದೆ. ಲೋಗನ್ ವಿಲ್ಸನ್ ಅಂತ ಒಬ್ಬ. ಅದೇ ರಾಜ್ಯದ ಕ್ಯಾಸ್ಪರ್ ಊರಿನ ಹುಡುಗ. ಅವನು ಬಂದಾಗ ಲೈನ್‌ಬ್ಯಾಕರ್ ಆಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಪಾಸ್ ಕಾಯುವ ಆಟಗಾರ. 2015ರಲ್ಲಿ ಅವನನ್ನು ಕೂರಿಸಿದರು. ಅದಕ್ಕೆ ರೆಡ್‌ಶರ್ಟ್ ಅನ್ನುತ್ತಾರೆ. ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡಬಹುದು ಅನ್ನೋ ನಿಯಮ ಆಗ ಇದ್ದುದರಿಂದ ಒಂದು ವರ್ಷ ಪಂದ್ಯ ಬಿಟ್ಟು ಬರೀ ಅಭ್ಯಾಸ ಮಾಡಿಸಬಹುದಿತ್ತು. ಆ ವರ್ಷ ತೂಕ ಎತ್ತಿ, ಮೈ ಬೆಳೆಸಿ, ಹೊಸ ಜಾಗ ಕಲಿಯಬೇಕು. ಮುಂದಿನ ವರ್ಷ ಅವನು ಆ ಕಾನ್ಫರೆನ್ಸಿನ, ಅಂದರೆ ಒಟ್ಟಿಗೆ ಆಡುವ ಕಾಲೇಜುಗಳ ಗುಂಪಿನ, ಹೊಸಬರಲ್ಲೇ ಬೆಸ್ಟ್ ಅನ್ನಿಸಿಕೊಂಡ. 2019ರವರೆಗೂ ಆಡಿದ. ಎನ್‌ಎಫ್‌ಎಲ್ ಟೀಮುಗಳು ಕಾಲೇಜು ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2020ರ ಡ್ರಾಫ್ಟಿನಲ್ಲಿ ಮೂರನೇ ಸುತ್ತಿನಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಅವನನ್ನು ತೆಗೆದುಕೊಂಡಿತು. ಎರಡು ವರ್ಷ ಕಳೆದು ಅದೇ ಕಾಲೇಜಿನ ಇನ್ನೊಬ್ಬ ಲೈನ್‌ಬ್ಯಾಕರ್ ಚಾಡ್ ಮೂಮಾ ಕೂಡ ಮೂರನೇ ಸುತ್ತಿನಲ್ಲೇ ಹೋದ.

ಈಗ ಹೇಳಿ, ಹುಡುಗ ಬೆಳೆಯುವುದು ಅಂದರೆ ಏನು? ಇದೇ ತಾನೇ? ಜಾಗ ಬದಲಾಯಿಸುವುದು, ಒಂದು ವರ್ಷ ಬೆಂಚು ಕಾಯುವುದು, ಹತ್ತಿಪ್ಪತ್ತು ಪೌಂಡು ತೂಕ ಏರಿಸುವುದು. ಹೊಸ ಲೈನ್‌ಬ್ಯಾಕರ್‌ಗಳು ಸಾಮಾನ್ಯವಾಗಿ ಮೊದಲು ಆಡುವುದು ಕಿಕ್‌ಆಫ್, ಪಂಟ್ ಟೀಮುಗಳಲ್ಲಿ, ಅಂದರೆ ಚೆಂಡು ಒದೆಯುವಾಗ ಇಳಿಯುವ ಟೀಮುಗಳಲ್ಲಿ. ಅಲ್ಲಿ ತಲೆ ಕೊಟ್ಟು ಓಡಿ ಕೋಚ್ ಕಣ್ಣಿಗೆ ಬೀಳಬೇಕು. ಗೇಮಿನಲ್ಲಿ ಇವು ನನ್ನ ಪಾಲಿಗೆ ಬರಲೇ ಇಲ್ಲ. ನನ್ನ ‘ಮಂಡ್ಯ’ ಹುಡುಗ ಒಂದು ಕಿಕ್‌ಆಫಿಗೂ ಇಳಿಯಲಿಲ್ಲ. ಮಾಡುವಾಗ ನಾನು ಹಾಕಿದ ತೂಕವೇ ಕೊನೆವರೆಗೂ ಇತ್ತು. ನಾಲ್ಕು ವರ್ಷ ಹಾಸ್ಟೆಲ್ ಊಟ ಮಾಡಿದ ಯಾವ ಹುಡುಗ ಸ್ವಾಮಿ ಹಾಗೇ ಇರುತ್ತಾನೆ?

ಅದರ ಬದಲು ಗೇಮ್ ಕೊಡುವುದು ಲೆಕ್ಕ. ಪ್ರತಿ ವಾರ ಇಷ್ಟು ಶಕ್ತಿ ಅಂತ ಕೊಟ್ಟು ಐದು ಕಡೆ ಹಂಚಿ ಅನ್ನುತ್ತದೆ: ಓದು, ನಾಯಕತ್ವ, ಆರೋಗ್ಯ, ತರಬೇತಿ, ಬ್ರಾಂಡ್. ಓದಿಗೆ ಹಾಕದಿದ್ದರೆ ಗ್ರೇಡ್ ಇಳಿಯುತ್ತದೆ. ಆರೋಗ್ಯಕ್ಕೆ ಹಾಕದಿದ್ದರೆ ಮೈ ಹಣ್ಣಾಗುತ್ತದೆ. ಐಡಿಯಾ ಚೆನ್ನಾಗಿದೆ. ನಮ್ಮ ಕಾಲದಲ್ಲಿ ಅಟೆಂಡೆನ್ಸ್ ಶಾರ್ಟೇಜಿಗೆ ಹೆದರಿ, ಸೌತ್ ಝೋನ್ ಪಂದ್ಯಕ್ಕೆ ಹೋಗಬೇಕಾ, ಇಂಟರ್ನಲ್ ಬರೆಯಬೇಕಾ ಅಂತ ಒದ್ದಾಡಿದ್ದು ನೆನಪಾಯಿತು. ನನ್ನ ಜೊತೆ ಆಡುತ್ತಿದ್ದ ಒಬ್ಬ ಒಳ್ಳೆ ರೈಡರ್ ಹಾಜರಾತಿ ಸಾಲದೆ ಒಂದು ವರ್ಷ ಕಳೆದುಕೊಂಡ. ಅವನಿಗೆ ಯಾರೂ ಪಾಯಿಂಟ್ ಹಂಚುವ ಪರದೆ ತೋರಿಸಿರಲಿಲ್ಲ. ಆದರೆ ಗೇಮಿನಲ್ಲಿ ಕೆಲವು ವಾರಗಳಾದ ಮೇಲೆ ಇದು ಬರೀ ಬಟನ್ ಒತ್ತುವ ಕೆಲಸ. ಕ್ಲಾಸಿಗೆ ಹೋದ ಅನುಭವ ಇಲ್ಲ, ಮೇಷ್ಟ್ರಿಲ್ಲ, ಪರೀಕ್ಷೆ ಕಾಣುವುದಿಲ್ಲ. ಅಂಕ ಏರಿತು, ಇಳಿಯಿತು, ಅಷ್ಟೆ. ಮೆನು ಬೇರೆ ನಿಧಾನ. ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ಕಾಫಿ ಕುಡಿದು ಬರಬಹುದು.

ನನ್ನ ಮುಖ್ಯ ತಕರಾರು ಬೇರೆಯದು. ‘ಕೋಚ್ ಟ್ರಸ್ಟ್’ ಅಂತ ಒಂದು ಅಳತೆ ಇದೆ. ಕೋಚಿಗೆ ನಮ್ಮ ಮೇಲೆ ಎಷ್ಟು ನಂಬಿಕೆ ಅನ್ನೋದು. ಅದು ಏರಿದರೆ ಮೇಲಿನವನ ಜೊತೆ ಜಾಗಕ್ಕೆ ಪೈಪೋಟಿ, ಗೆದ್ದರೆ ಮೊದಲ ಹನ್ನೊಂದರಲ್ಲಿ ಸ್ಥಾನ. ಸರಿ. ಏರುವುದು ಹೇಗೆ? ಟ್ಯಾಕಲ್ ಮಾಡಿದರೆ, ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ, ಪಾಸ್ ಕಿತ್ತುಕೊಂಡರೆ. ಕಣ್ಣಿಗೆ ಕಾಣುವ ಕೆಲಸಕ್ಕೆಲ್ಲ ಕೂಲಿ ಇದೆ.

ಆದರೆ ಲೈನ್‌ಬ್ಯಾಕರಿನ ಅರ್ಧ ಕೆಲಸ ಕಾಣುವುದೇ ಇಲ್ಲ. ಅವನಿಗೆ ಒಂದು ಸಂದು ಒಪ್ಪಿಸಿರುತ್ತಾರೆ. ಸೆಂಟರ್ ಮತ್ತು ಗಾರ್ಡ್ ನಡುವಿನದು ಎ ಸಂದು, ಗಾರ್ಡ್ ಮತ್ತು ಅವನ ಹೊರಬದಿಗೆ ನಿಲ್ಲುವವನ (ಅವನ ಜಾಗದ ಹೆಸರೂ ಟ್ಯಾಕಲ್ಲೇ) ನಡುವಿನದು ಬಿ. ಅವನು ಸರಿಯಾದ ಹೊತ್ತಿಗೆ ಆ ಸಂದನ್ನು ತುಂಬಿದರೆ ಓಡುವವನು ಅಲ್ಲಿ ದಾರಿ ಇಲ್ಲ ಅಂತ ಹೊರಗೆ ತಿರುಗುತ್ತಾನೆ. ಹೊರಗೆ ಇನ್ನೊಬ್ಬ ಹಿಡಿಯುತ್ತಾನೆ. ಟ್ಯಾಕಲ್ ಅವನ ಹೆಸರಿಗೆ. ಕೆಲಸ ಆಗಿದ್ದು ಇವನಿಂದ. ನಿಜವಾದ ಕೋಚ್ ಮಾರನೇ ದಿನ ವಿಡಿಯೋ ಹಾಕಿ ಕೂತಾಗ ಇದನ್ನೇ ಮೊದಲು ನೋಡುತ್ತಾನೆ. ಗೇಮಿನಲ್ಲಿ ನಾನು ಸಂದು ಕಾದಾಗೆಲ್ಲ ಕೈಗೆ ಬಂದಿದ್ದು ಸೊನ್ನೆ.

ನಮ್ಮ ಹುಡುಗ ಆಡಿದ್ದೇ ಬೇರೆ ಥರ. ಅವನು ತನ್ನ ಜಾಗವನ್ನೇ ಕಾಯಲಿಲ್ಲ. ಚೆಂಡು ಎಲ್ಲಿದೆಯೋ ಅಲ್ಲಿಗೆ ನುಗ್ಗಿದ. ನಾಲ್ಕು ಸಲ ಹಿಡಿದ, ಎರಡು ಸಲ ಅವನು ಬಿಟ್ಟ ಸಂದಿನಿಂದ ಎದುರಾಳಿ ಟಚ್‌ಡೌನ್ ಹೊಡೆದ. ಟೀಮ್ ಸೋತಿತು. ಕೋಚಿನ ನಂಬಿಕೆ ಮಾತ್ರ ಏರಿತು! ‘ನೋಡಿ ಮಾವ, ನಿಮಗಿಂತ ಬೇಗ ಸ್ಟಾರ್ಟರ್ ಆದೆ’ ಅಂದ. ನಾನು ಏನು ಹೇಳಲಿ? ಕಬಡ್ಡಿಯಲ್ಲಿ ಚೈನ್ ಬಿಟ್ಟು ಒಬ್ಬನೇ ಮುಂದೆ ಹೋಗಿ ಅಡ್ವಾನ್ಸ್ ಟ್ಯಾಕಲ್‌ಗೆ ಬಿದ್ದವನನ್ನು ನಮ್ಮ ಕೋಚ್ ಮೈದಾನದ ಸುತ್ತ ಓಡಿಸುತ್ತಿದ್ದರು, ಪಾಯಿಂಟ್ ಬಂದಿದ್ದರೂ ಸರಿ. ಈ ಗೇಮಿನ ಕೋಚ್ ಅವನ ಬೆನ್ನು ತಟ್ಟುತ್ತಾನೆ. ಮಕ್ಕಳು ಇದನ್ನು ಆಡಿ ಬಂದು ನನ್ನ ಕೋರ್ಟಿನಲ್ಲಿ ಇದೇ ಬುದ್ಧಿ ತೋರಿಸಿದರೆ ಸರಿಪಡಿಸಬೇಕಾದವನು ನಾನು.

ಇನ್ನು ಸಂಖ್ಯೆಯ ಮಾತು. ಟ್ಯಾಕಲ್ ಲೆಕ್ಕವೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಲೂಕ್ ಕೀಕ್ಲಿ ಅಂತ ಒಬ್ಬನಿದ್ದ, ಬಾಸ್ಟನ್ ಕಾಲೇಜಿನಲ್ಲಿ. 2009ರಲ್ಲಿ ಅಲ್ಲಿನ ದೊಡ್ಡ ಲೈನ್‌ಬ್ಯಾಕರ್ ಮಾರ್ಕ್ ಹರ್ಜ್‌ಲಿಕ್‌ಗೆ ಮೂಳೆ ಕ್ಯಾನ್ಸರ್ ಬಂದು ಆಡಲಾಗಲಿಲ್ಲ. ಆ ವರ್ಷ ಹೊಸಬ ಕೀಕ್ಲಿ 158 ಟ್ಯಾಕಲ್ ಮಾಡಿದ. ಆಮೇಲೆ 183, ಆಮೇಲೆ 191. ಮೂರೇ ವರ್ಷಕ್ಕೆ 532. 2011ರಲ್ಲಿ ಕಾಲೇಜಿನ ಬೆಸ್ಟ್ ಲೈನ್‌ಬ್ಯಾಕರಿಗೆ ಕೊಡುವ ಬಟ್ಕಸ್ ಪ್ರಶಸ್ತಿಯೂ ಬಂತು. ಅವನ ಹಳೆ ವಿಡಿಯೋಗಳನ್ನು ನೋಡಿ. ಚೆಂಡಿನ ಹಿಂದೆ ಓಡುವವನಲ್ಲ ಅವನು. ಎದುರಿನವರು ನಿಂತ ರೀತಿ ನೋಡಿಯೇ ಯಾವ ಆಟ ಅಂತ ಕೂಗಿ ಹೇಳಿ, ಚೆಂಡು ಬರುವ ಜಾಗದಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ. 532 ಬಂದಿದ್ದು ಓದಿನಿಂದ, ನುಗ್ಗಾಟದಿಂದ ಅಲ್ಲ. ಹರ್ಜ್‌ಲಿಕ್ ಕ್ಯಾನ್ಸರ್ ಗೆದ್ದು 2010ರಲ್ಲಿ ವಾಪಸ್ ಬಂದು ಆಡಿದ. ಅದೂ ನೆನಪಿರಲಿ.

ಕೀಕ್ಲಿ 2020ರ ಜನವರಿಯಲ್ಲಿ, ಬರೀ 28ನೇ ವಯಸ್ಸಿಗೆ ಎನ್‌ಎಫ್‌ಎಲ್ ಬಿಟ್ಟ. ತಲೆಗೆ ಪೆಟ್ಟು ಮೇಲೆ ಪೆಟ್ಟು ಬಿದ್ದಿತ್ತು. ನಾರ್ತ್ ಕೆರೊಲಿನಾ ಸ್ಟೇಟ್‌ನ ಪೇಟನ್ ವಿಲ್ಸನ್ ಮಂಡಿ ಮುರಿದುಕೊಂಡು, ರಿಪೇರಿ ಮಾಡಿಸಿಕೊಂಡು, 2023ರಲ್ಲಿ ಬಟ್ಕಸ್ ಗೆದ್ದರೂ ಡ್ರಾಫ್ಟಿನಲ್ಲಿ 98ನೇ ಸ್ಥಾನದವರೆಗೆ ಕಾಯಬೇಕಾಯಿತು. ಗೇಮಿನಲ್ಲಿ ‘ವೇರ್ ಅಂಡ್ ಟೇರ್’ ಅಂತ ಇದೆ. ಏಟು ತಿಂದ ಭಾಗ ಸವೆಯುತ್ತದೆ, ಆಟ ಕುಗ್ಗುತ್ತದೆ. ಸೀಸನ್ ಕೊನೆಗೆ ನನ್ನ ಹುಡುಗ ನಿಧಾನವಾದ. ಇದು ನಿಜಕ್ಕೆ ಹತ್ತಿರ. ಮೆಚ್ಚಿದೆ. ಎಡಮಂಡಿ ಇನ್ನೂ ನನಗೂ ಮಳೆಗಾಲದಲ್ಲಿ ಮಾತಾಡುತ್ತದೆ.

ಪ್ರಶಸ್ತಿ ವಿಷಯ ಬಂತಲ್ಲ, ಹೈಸ್ಮನ್ ಬಗ್ಗೆಯೂ ಹೇಳಬೇಕು. ಕಾಲೇಜು ಫುಟ್‌ಬಾಲಿನ ದೊಡ್ಡ ಪ್ರಶಸ್ತಿ ಅದು. ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್‌ಗಳ ಮನೆಗೇ ಹೋಗುತ್ತದೆ. ಲೈನ್‌ಬ್ಯಾಕರ್ ಅಂದರೆ ನೊಟ್ರೆ ಡೇಮ್‌ನ ಮ್ಯಾಂಟಿ ಟಿಯೊ 2012ರಲ್ಲಿ ಎರಡನೇ ಸ್ಥಾನದವರೆಗೆ ಬಂದ, ಅಷ್ಟೆ. 1997ರಲ್ಲಿ ಗೆದ್ದ ಚಾರ್ಲ್ಸ್ ವುಡ್‌ಸನ್ ಡಿಫೆನ್ಸಿನವನು, ಆದರೆ ಲೈನ್‌ಬ್ಯಾಕರ್ ಅಲ್ಲ. ಇದೇ ಡಿಸ್ಕಿನ ಡಬ್ಬದ ಮೇಲೆ ಫೋಟೋ ಇರುವ ಮೂವರಲ್ಲಿ ಒಬ್ಬ ಟ್ರಾವಿಸ್ ಹಂಟರ್. ಎರಡೂ ಕಡೆ ಆಡುತ್ತಿದ್ದ. ಗೇಮ್ ಬಂದ ವರ್ಷದ ಡಿಸೆಂಬರಿನಲ್ಲಿ ಅವನೇ ಹೈಸ್ಮನ್ ಗೆದ್ದ. ಹಿಡಿಯುವವರ ಕಡೆಯ ಒಬ್ಬನಿಗೆ ಸಿಕ್ಕಿತಲ್ಲ ಅಂತ ನನಗೆ ಖುಷಿ, ಚೆಂಡೂ ಹಿಡಿಯುತ್ತಿದ್ದ ಅನ್ನೋದನ್ನು ಸದ್ಯಕ್ಕೆ ಮರೆಯೋಣ.

ಈ ಗೇಮಿನ ಹಿಂದಿನ ಕಥೆ ನನಗೆ ಗೇಮಿನಷ್ಟೇ ಹಿಡಿಸಿತು. ಇದಕ್ಕೆ ಮುಂಚಿನದು ಬಂದಿದ್ದು 2013ರಲ್ಲಿ. ನಡುವೆ ಹನ್ನೊಂದು ವರ್ಷ ಏನೂ ಇಲ್ಲ. ಕಾರಣ ಎಡ್ ಓಬ್ಯಾನನ್. ಯುಸಿಎಲ್‌ಎ ಕಾಲೇಜಿನ ಹಳೆ ಬಾಸ್ಕೆಟ್‌ಬಾಲ್ ಆಟಗಾರ. ಸ್ನೇಹಿತನ ಮನೆಯಲ್ಲಿ ಯಾವುದೋ ವಿಡಿಯೋ ಗೇಮಿನಲ್ಲಿ ತನ್ನನ್ನೇ ಹೋಲುವ ಆಟಗಾರನನ್ನು ನೋಡಿದ. ಅದೇ ಎತ್ತರ, ಅದೇ ನಂಬರ್, ಅದೇ ಎಡಗೈ ಶಾಟ್. ಇವನಿಗೆ ಬಿಡಿಗಾಸು ಬಂದಿಲ್ಲ. 2009ರಲ್ಲಿ ಕೋರ್ಟಿಗೆ ಹೋದ. ಕೊನೆಗೆ 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಬಹುದು ಅಂತಾಯಿತು. ಈ ಗೇಮಿಗೆ ಹೆಸರು ಕೊಟ್ಟ ಪ್ರತಿ ಆಟಗಾರನಿಗೆ 600 ಡಾಲರ್ ಮತ್ತು ಒಂದು ಗೇಮ್ ಸಿಕ್ಕಿತು. 134 ಕಾಲೇಜು ಟೀಮುಗಳು, ಹತ್ತು ಸಾವಿರಕ್ಕೂ ಜಾಸ್ತಿ ಹುಡುಗರು. 2025ರ ಜೂನಿನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ಮೇಲೆ ಈಗ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು. ನಮ್ಮ ಹುಡುಗರಿಗೆ ಯೂನಿವರ್ಸಿಟಿ ಬ್ಲೂ ಬಂದರೆ ಒಂದು ಬ್ಲೇಜರು, ಒಂದು ಸರ್ಟಿಫಿಕೇಟು. ಆ ಸರ್ಟಿಫಿಕೇಟ್ ಹಿಡಿದು ಪೊಲೀಸೋ ರೈಲ್ವೆಯೋ ಕ್ರೀಡಾ ಕೋಟಾದಲ್ಲಿ ಸೇರಿದರೆ ಅದೇ ದೊಡ್ಡ ಡ್ರಾಫ್ಟು. ಗೇಮಿನಲ್ಲಿ ‘ಬ್ರಾಂಡ್’ಗೆ ಪಾಯಿಂಟ್ ಹಾಕುವಾಗಲೆಲ್ಲ ನನಗೆ ನಗು ಬರುತ್ತಿತ್ತು.

ಸದ್ದು, ಸ್ಟೇಡಿಯಂ ಎಲ್ಲ ಬಹಳ ಚೆನ್ನಾಗಿದೆ. ಚಿಕ್ಕಪ್ಪನ ಮಗ ಓದಿದ ಟೆಕ್ಸಾಸ್ ಎ ಅಂಡ್ ಎಂನ ಸ್ಟೇಡಿಯಂ ಕೈಲ್ ಫೀಲ್ಡ್‌ನಲ್ಲಿ 1,02,733 ಜನ ಕೂರಬಹುದು. ಗೇಮಿನವರೇ ಮಾಡಿದ ಕಷ್ಟದ ಮೈದಾನಗಳ ಪಟ್ಟಿಯಲ್ಲಿ ಅದು ಒಂದನೇ ಸ್ಥಾನ. ಹೊರಗಿನ ಟೀಮ್ ಚೆಂಡು ಆಡುವಾಗ ಜನ ಕೂಗಿದರೆ ಪರದೆಯೇ ನಡುಗುತ್ತದೆ, ಯಾರು ಎಲ್ಲಿ ಓಡಬೇಕು ಅನ್ನೋ ಗೆರೆಗಳು ಸೊಟ್ಟಗಾಗುತ್ತವೆ. ಲೈನ್‌ಬ್ಯಾಕರಿಗೆ ಇದರಲ್ಲಿ ಲಾಭವೇ. ನಮ್ಮ ಟೀಮಿನ ಮೈದಾನದಲ್ಲಿ ಆಡುವಾಗ, ಮೂರನೇ ಡೌನಿನಲ್ಲಿ ಜನ ಎದ್ದು ನಿಂತು ಕೂಗುವುದು ನಮ್ಮ ಪರ. ಲಾರಮಿಯಲ್ಲಿ ಅಷ್ಟು ದೊಡ್ಡ ಜನಸಂದಣಿ ಇಲ್ಲ, ಆದರೂ ಆ ಹೊತ್ತಿಗೆ ಕೈಯಲ್ಲಿ ಬೆವರು ಬರುತ್ತದೆ. ದಸರಾ ಕುಸ್ತಿಯಲ್ಲಿ ನಮ್ಮ ಮಂಡ್ಯದ ಪೈಲ್ವಾನ್ ಕಣಕ್ಕೆ ಇಳಿದಾಗ ದೊಡ್ಡಕೆರೆ ಮೈದಾನದಲ್ಲಿ ಏಳುವ ಸದ್ದು ಇದೆಯಲ್ಲ, ಆ ಥರ. ಅಕ್ಕ ಬಾಗಿಲು ತೆಗೆದು ‘ಏನ್ರೋ ಅದು ಗಲಾಟೆ, ಪಕ್ಕದ ಮನೆಯೋರು ಕೇಳ್ತಿದ್ದಾರೆ’ ಅಂತ ಬೈದಳು.

ಇನ್ನು ಚಿಕ್ಕ ಚಿಕ್ಕ ವಿಷಯ. ನಮ್ಮ ಟೀಮಿನ ಸರದಿ ಇಲ್ಲದಾಗ ಆಟವನ್ನು ಬೇಗ ಓಡಿಸುವ ಬಟನ್ ಇದೆ. ಉಪಯೋಗಿಸಿ, ಇಲ್ಲದಿದ್ದರೆ ಅರ್ಧ ಪಂದ್ಯ ಸುಮ್ನೆ ಕೂರಬೇಕು. ನಮ್ಮ ಕಡೆಯ ಕಂಪ್ಯೂಟರ್ ಆಟಗಾರರು ಕೆಲವು ಸಲ ದಡ್ಡರ ಥರ ಆಡುತ್ತಾರೆ. ಪಾಸ್ ಕಾಯಬೇಕಾದವನು ನಮ್ಮ ಪಕ್ಕದಲ್ಲೇ ಬಂದು ನಿಲ್ಲುತ್ತಾನೆ. ಎದುರು ದಪ್ಪಣ್ಣ ಬಂದು ಹಿಡಿದುಕೊಂಡರೆ ಅಂಟಿನ ಹಾಗೆ ಬಿಡುವುದೇ ಇಲ್ಲ, ಬಿಡಿಸಿಕೊಳ್ಳುವ ಬಟನ್ ಎಷ್ಟು ಒತ್ತಿದರೂ ಕೇಳಲ್ಲ. ಕಷ್ಟದ ಮಟ್ಟ ನಾಲ್ಕಿದೆ: ಫ್ರೆಶ್‌ಮನ್, ವಾರ್ಸಿಟಿ, ಆಲ್-ಅಮೆರಿಕನ್, ಹೈಸ್ಮನ್. ಆಟ ಗೊತ್ತಿಲ್ಲದವರು ವಾರ್ಸಿಟಿಯಲ್ಲಿ ಶುರು ಮಾಡಿ. ಹೆಲ್ಮೆಟ್ ನೋಡುವುದು ಅಭ್ಯಾಸ ಆದ ಮೇಲೆ ಆಲ್-ಅಮೆರಿಕನ್‌ಗೆ ಹೋಗಿ. ಅದಕ್ಕಿಂತ ಕೆಳಗೆ ಎದುರಾಳಿ ಮೋಸವೇ ಮಾಡುವುದಿಲ್ಲ, ಮಜಾ ಇಲ್ಲ. ವರ್ಷದ ಕೊನೆಗೆ ಬೇರೆ ಕಾಲೇಜಿಗೆ ಹಾರುವ ಅವಕಾಶವೂ ಇದೆ. ನಮ್ಮ ಹುಡುಗ ಒಂದೇ ವರ್ಷಕ್ಕೆ ಹಾರಿದ. ನನ್ನ ‘ಮಂಡ್ಯ’ ಕೊನೆವರೆಗೂ ಲಾರಮಿಯಲ್ಲೇ ಇದ್ದ.

ನನ್ನ ಅಂಕ: ಮೈದಾನದೊಳಗಿನ ಲೈನ್‌ಬ್ಯಾಕರಿಗೆ ಐದಕ್ಕೆ ನಾಲ್ಕೂವರೆ. ಅವನನ್ನು ಬೆಳೆಸುವ ರೀತಿಗೆ ಎರಡು, ಅದೂ ವೇರ್ ಅಂಡ್ ಟೇರ್ ಮುಖ ನೋಡಿ.

ಬೆಲೆ ಬಗ್ಗೆ. ಬಿಟ್ಟಾಗ ಅಮೆರಿಕದಲ್ಲಿ 70 ಡಾಲರ್ ಹತ್ತಿರ ಇತ್ತು. ಇದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್‌ಗೆ ಮಾತ್ರ. ಪಿಎಸ್4 ಇಟ್ಟುಕೊಂಡವರು, ಕಂಪ್ಯೂಟರಿನಲ್ಲಿ ಆಡುವವರು ಆಸೆ ಬಿಡಿ. ಮೈಸೂರಿನ ಅಂಗಡಿಯಲ್ಲಿ ಕೇಳಿದರೆ ಕ್ರಿಕೆಟ್ ಮತ್ತು ಫಿಫಾ ತೋರಿಸುತ್ತಾರೆ, ಅಲ್ಲಿಂದ ಬರುವವರ ಕೈಲಿ ತರಿಸಿಕೊಳ್ಳುವುದೇ ಸುಲಭ. 2025ರ ಜುಲೈನಲ್ಲಿ ಇದರ ಮುಂದಿನದು, 26 ಬಂದಿದೆ. ಅದರಲ್ಲಿ ರೋಡ್ ಟು ಗ್ಲೋರಿಗೆ ಹೈಸ್ಕೂಲ್ ಹಂತ ವಾಪಸ್ ಸೇರಿಸಿದ್ದಾರೆ. ಹಾಗಾಗಿ 25ಕ್ಕೆ ಹೊಸ ಡಿಸ್ಕಿನ ದುಡ್ಡು ಕೊಡಬೇಡಿ. ಬಳಸಿದ ಡಿಸ್ಕ್ ಕಡಿಮೆಗೆ ಸಿಕ್ಕರೆ ತೊಗೊಳ್ಳಿ, ಲೈನ್‌ಬ್ಯಾಕರ್ ಆರಿಸಿ, ಎರಡು ಸ್ಟಾರಿನಿಂದಲೇ ಶುರು ಮಾಡಿ. ಕೋಚ್ ಟ್ರಸ್ಟ್ ನಿಧಾನಕ್ಕೆ ಏರಿದರೆ ಏರಲಿ, ಸಂದು ಮಾತ್ರ ಬಿಡಬೇಡಿ.